ವರ್ಣ ಮುಗಿಯುವ ಮುಂಚೆ

ಪದ್ಮನಾಭನಗರದ ಸಂಗೀತದ ಕ್ಲಾಸಿಗೆ ಸೇರುವ ಮೊದಲು ನಾನು ಹಾಡುತ್ತಿದ್ದೆ. ನವರಾತ್ರಿಯಲ್ಲಿ ಗೊಂಬೆ ಕೂರಿಸಿದವರ ಮನೆಗೆ ಹೋದರೆ, ಅರಿಸಿನ ಕುಂಕುಮ ಕೊಡುವ ಮುಂಚೆ ‘ಒಂದು ಹಾಡು ಹೇಳಿ’ ಎನ್ನುವುದು ನಮ್ಮಲ್ಲಿ ರೂಢಿ. ಅಮ್ಮನಿಂದ ಬಂದ ಆರತಿ ಹಾಡೊಂದಿತ್ತು. ಅದನ್ನು ಹೇಳಿ, ಕಡಲೆ ಉಸಲಿ ಕಟ್ಟಿಸಿಕೊಂಡು ಬರುತ್ತಿದ್ದೆ. ಕೇಳಿದವರು ಯಾರೂ ಎದ್ದು ಓಡಿಹೋದದ್ದು ನನಗೆ ನೆನಪಿಲ್ಲ.

ಸೇರಿದ ಮೇಲೆ ಬಾಯಿ ಬಿದ್ದುಹೋಯಿತು. ಟೀಚರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೆ ಬಲು ಕಟ್ಟುನಿಟ್ಟು. “ವರ್ಣ ಮುಗಿಯೋವರ್ಗೂ ಹೊರಗಡೆ ಹಾಡ್ಬೇಡಿ, ಕಲ್ತಿದ್ದು ಕೆಡುತ್ತೆ” ಎಂದರು. ವರ್ಣಕ್ಕೆ ಮುಂಚೆ ಸರಳೆ, ಜಂಟಿ, ಅಲಂಕಾರ, ಗೀತೆ ಎಂಬ ಪಾಠಗಳನ್ನೆಲ್ಲ ದಾಟಬೇಕು. ನಾನು ಜಂಟಿಯಲ್ಲೇ ಸಿಕ್ಕಿಕೊಂಡಿದ್ದೆ. ಮೇಲಿನ ಷಡ್ಜ ಮುಟ್ಟಿದಾಗಲೆಲ್ಲ ಗಂಟಲು ಸೀಳುತ್ತಿತ್ತು. “ಸಾಧನೆ ಸಾಲ್ದು” ಎನ್ನುತ್ತಿದ್ದರು. ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ ಎಂಬ ಹಾಗಾಯಿತು ನನ್ನ ಪಾಡು. ಗೊಂಬೆ ಮನೆಗಳಲ್ಲಿ ‘ಇನ್ನೂ ಕಲೀತಿದ್ದೀನಿ’ ಎಂದು ಜಾರಿಕೊಂಡರೆ ಎಲ್ಲರೂ ಗೌರವದಿಂದ ತಲೆಯಾಡಿಸುತ್ತಿದ್ದರು. ಮನೆಗೆ ಬಂದರೆ ಅಳು ಬರುತ್ತಿತ್ತು.

ಹೋದ ವರ್ಷ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತ ಅದೇ ಆರತಿ ಹಾಡು ಗುನುಗಿದೆ. ಗಂಟಲು ಎಲ್ಲೂ ಸೀಳಲಿಲ್ಲ. ಅನುಮಾನ ಬಂದು ಫೋನಿನ ತಂಬೂರಿ ಹಚ್ಚಿ ನೋಡಿದೆ. ಟೀಚರ ಶ್ರುತಿ ಐದೂವರೆ. ನನ್ನ ದನಿ ಹಾಯಾಗಿ ನಿಂತದ್ದು ಅದಕ್ಕಿಂತ ತಗ್ಗಿನ ನಾಲ್ಕರಲ್ಲಿ. ಕ್ಲಾಸಿನಲ್ಲಿ ಎಲ್ಲರೂ ಅವರ ಶ್ರುತಿಗೇ ಹಾಡುತ್ತೇವೆ, ಬೇರೆ ಶ್ರುತಿ ಕೇಳುವ ಧೈರ್ಯ ಯಾರಿಗೂ ಇಲ್ಲ. ಬೇರೆಯವರ ಚಪ್ಪಲಿ ಹಾಕಿಕೊಂಡು ನನ್ನ ಕಾಲೇ ಸರಿಯಿಲ್ಲವೆಂದು ಕೊರಗುತ್ತಿದ್ದೆನಲ್ಲ ಎಂದು ಮೈಯೆಲ್ಲ ಉರಿಯಿತು. ನನ್ನ ಶ್ರುತಿ ಗೊತ್ತಾಯಿತು, ತಾಳ ತಪ್ಪುವುದಿಲ್ಲ. ಹಾಡಲು ಇಷ್ಟು ಸಾಕು, ಮಿಕ್ಕಿದ್ದನ್ನು ಹಾಡುತ್ತಲೇ ಕಲಿಯುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ.

ಆ ನವರಾತ್ರಿ ಚಿಕ್ಕಲಸಂದ್ರದಲ್ಲಿ ನಮ್ಮ ಪಕ್ಕದ ಮನೆಯ ಗೊಂಬೆ ನೋಡಲು ಟೀಚರೂ ಬಂದಿದ್ದರು.

“ಆಂಟಿ, ಈ ಸಲನಾದ್ರೂ ಒಂದು ಹಾಡು ಹೇಳಿ” ಎಂದಳು ಮನೆಯಾಕೆ.

“ಅವರದಿನ್ನೂ ಜಂಟಿ ನಡೀತಿದೆ” ಎಂದು ನನ್ನ ಪರವಾಗಿ ಟೀಚರೇ ಉತ್ತರಿಸಿದರು.

“ಹಾಡ್ತೀನಿ” ಎಂದೆ.

ಟೀಚರ್ ತಮ್ಮ ಫೋನಿನಲ್ಲಿ ತಂಬೂರಿ ಹಚ್ಚಿ ನನ್ನ ಮುಂದಿಟ್ಟರು. ಅದೇ ಐದೂವರೆ. ನಾನು ಕೈಚಾಚಿ ಅದನ್ನು ನಾಲ್ಕಕ್ಕೆ ಇಳಿಸಿದೆ. ಅವರ ಹುಬ್ಬು ಮೇಲೇರಿತು. ಕಣ್ಣು ಮುಚ್ಚಿ ಅಮ್ಮನ ಹಾಡನ್ನು ಪೂರ್ತಿ ಹಾಡಿದೆ.

ಉಸಲಿಯ ಪೊಟ್ಟಣ ಹಿಡಿದು ಮೆಟ್ಟಿಲಿಳಿಯುವಾಗ ಟೀಚರ್ ಹಿಂದಿನಿಂದ ಹೇಳಿದರು: “ಚರಣದಲ್ಲಿ ಎರಡು ಕಡೆ ಸ್ವರ ಜಾರ್ತು.”

ಜಾರಿದ್ದು ನಿಜ, ನನಗೂ ಕೇಳಿಸಿತ್ತು.

“ನಾಳೆ ಬೆಳಿಗ್ಗೆ ಕ್ಲಾಸಲ್ಲಿ ತಿದ್ದಿಕೊಡಿ ಮೇಡಂ” ಎಂದೆ. “ಸಾಯಂಕಾಲ ಇನ್ನೊಬ್ಬರ ಮನೇಲಿ ಹಾಡೋಕೆ ಒಪ್ಕೊಂಡಿದ್ದೀನಿ.”