ಮಗ್ಗದ ಮಾತ್ರೆ

ನೇಕಾರರ ಊರಾದ ಎಡಪ್ಪಾಡಿಯಲ್ಲಿ ಆರೋಗ್ಯ ಕಾರ್ಯಕರ್ತೆಯಾಗಿ ಮನೆಮನೆಗೆ ಹೋಗಿ ರಕ್ತದೊತ್ತಡ ಅಳೆಯುತ್ತಿದ್ದೆ. ಮಗ್ಗ ನೇಯುವ ಚೆನ್ನಮ್ಮನವರ ಒತ್ತಡ ಎರಡು ಮಾತ್ರೆಗಳಿಗೂ ಇಳಿದಿರಲಿಲ್ಲ. ನಮ್ಮ ಆಸ್ಪತ್ರೆಯ ವೈದ್ಯರು ಮೂರನೆಯದನ್ನು ಬರೆಯುವವರಿದ್ದರು.

“ಇವೆರಡು ಬಿಟ್ಟು ಬೇರೆ ಮಾತ್ರೆ ಏನಾದರೂ ನುಂಗುತ್ತಿದ್ದೀರಾ?”

“ಇಲ್ಲ ಮೇಡಂ, ಸಾಮಿ ಆಣೆ.”

ಆಣೆಯಿಟ್ಟವರು ಮಗ್ಗದ ಗುಂಡಿಗಿಳಿಯುವ ಮುನ್ನ ಗೋಡೆಯ ಗೂಡಿನಿಂದ ಒಂದು ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡರು.

“ಅದೇನು?”

“ಇದಾ? ಮಂಡಿನೋವಿಂದು. ದಿನಾ ಮಗ್ಗಕ್ಕೆ ಎಣ್ಣೆ ಬಿಡಾಕಿಲ್ವಾ, ಅಂಗೆ ನಂಗೆ ಇದು. ಇದೂ ಮಾತ್ರೆ ಲೆಕ್ಕಾನಾ?”

ಆ ನೋವಿನ ಮಾತ್ರೆಯೇ ಉಳಿದೆರಡರ ಕೆಲಸವನ್ನು ಕೆಡಿಸುತ್ತಿತ್ತು. ಗೂಡಿನಲ್ಲಿದ್ದ ಅದರ ಪಟ್ಟಿಯನ್ನು ಒಯ್ದು ವೈದ್ಯರ ಮೇಜಿನ ಮೇಲಿಟ್ಟೆ. ಅವರು ಆ ಮಾತ್ರೆ ನಿಲ್ಲಿಸಿ, ಮಂಡಿಗೆ ಹಚ್ಚಲು ಮುಲಾಮು ಕೊಟ್ಟರು. ತಿಂಗಳೊಳಗೆ ಒತ್ತಡ ಹದಕ್ಕೆ ಬಂತು. ಮೂರನೆಯ ಮಾತ್ರೆ ಬೇಕಾಗಲೇ ಇಲ್ಲ.

“ನಮ್ ಡಾಕ್ಟ್ರು ಈಗ್ಲಾದ್ರೂ ಪ್ರೆಷರ್ ನೋಡೋದು ಕಲ್ತವ್ರೆ,” ಎಂದು ಚೆನ್ನಮ್ಮನವರು ಬೀದಿಗೆಲ್ಲ ಸಾರಿದರು. ತಪ್ಪು ಮಾತೊಂದನ್ನು ತಿದ್ದದೆ ಬಿಟ್ಟದ್ದು ನನ್ನ ಬಾಳಿನಲ್ಲಿ ಅದೊಂದೇ ಸಲ.