ಅಟ್ಟ ಸುಟ್ಟವರು ಯಾರು

ದೊಡ್ಡಪ್ಪನ ಮಗಳ ಮದುವೆಯಲ್ಲಿ, ಒಲೆ ಹಚ್ಚುವ ಹೊತ್ತಿಗೆ, ಅವರ ಮುಖ ಕಪ್ಪಿಡಬೇಕು ಅಂತಲೇ ನಾನು ಹೋಗಿದ್ದು.

ನಮ್ಮ ಅಜ್ಜಿ ಹೊಸ ಸೊಸೆಯಾಗಿದ್ದಾಗ ಒಟ್ಟು ಮನೆಯ ಅಟ್ಟಕ್ಕೆ ಬೆಂಕಿ ಬಿತ್ತು. ಕೊಬ್ಬರಿಯಾಗಲೆಂದು ವರ್ಷದಿಂದ ಅಲ್ಲಿ ಒಣಗುತ್ತಿದ್ದ ಕಾಯೆಲ್ಲ ಬೂದಿ. ಅಜ್ಜಿ ಒಲೆ ಆರಿಸದೆ ಮಲಗಿದ್ದಳು ಎಂದುಬಿಟ್ಟರು ದೊಡ್ಡತಾತ, ಅಂದರೆ ಈ ದೊಡ್ಡಪ್ಪನ ಅಪ್ಪ. ಅವತ್ತಿನಿಂದ ನೆಂಟರ ಯಾವ ಮದುವೆಯಲ್ಲೂ ನಮ್ಮ ಮನೆ ಹೆಂಗಸರು ಒಲೆ ಹಚ್ಚುವಂತಿಲ್ಲ. ಅಜ್ಜಿ ಆ ಹೆಸರು ಹೊತ್ತುಕೊಂಡೇ ಸತ್ತಳು. ಈಗ ಅಮ್ಮನ ಸರದಿ. "ನೀನು ದೂರ ಕೂತ್ಕಳಮ್ಮ, ನಿಮ್ಮತ್ತೆ ಅಟ್ಟ ಸುಟ್ಟವ್ಳು" ಎಂದು ದೊಡ್ಡಪ್ಪ ಅಂದರೆ ಎಲ್ಲರೂ ನಗುತ್ತಾರೆ.

ಹಳೇ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಹಾಕಿರುವ ವೆಬ್‌ಸೈಟ್ ಸಿಕ್ಕಾಗ ನನಗೆ ಹೊಳೆದದ್ದು ಇದೊಂದೇ. ಊರ ಹೆಸರು ಹಾಕಿದೆ, ಬೆಂಕಿ ಅಂತ ಹಾಕಿದೆ. ಏನೂ ಬರಲಿಲ್ಲ. ನಮ್ಮೂರ ಬೆಂಕಿ ಯಾವ ಪತ್ರಿಕೆಗೆ ಬೇಕು? ಆದರೆ ತಿಪಟೂರಿನ ಕೊಬ್ಬರಿ ಧಾರಣೆ ಎಲ್ಲರಿಗೂ ಬೇಕಲ್ಲ! ಅಪ್ಪ ಹುಟ್ಟುವ ಹಿಂದಿನ ವರ್ಷ ಬೆಂಕಿ ಬಿದ್ದದ್ದು. ಆ ವರ್ಷದ ಧಾರಣೆ ಅಂಕಣಗಳನ್ನೆಲ್ಲ ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದಿದೆ. ಒಂದರ ಕೊನೆಗೆ ಸಿಕ್ಕಿತು. ನಮ್ಮೂರಿಂದ ಈ ಸಲ ಮಾಲು ಕಮ್ಮಿ. ಒಣಗಿದೆಯೇ ಎಂದು ಕಾಯಿ ಅಲ್ಲಾಡಿಸಿ ನೋಡಲು ಅಟ್ಟ ಹತ್ತಿದಾಗ ತಮ್ಮದೇ ಬೀಡಿಯ ಕಿಡಿ ಬಿತ್ತೆಂದು ಮನೆ ಯಜಮಾನರೇ ಕೊಬ್ಬರಿ ಮಂಡಿಯಲ್ಲಿ ಹೇಳಿದ್ದಾರೆ. ಪಕ್ಕದಲ್ಲೇ ದೊಡ್ಡತಾತನ ಹೆಸರು. ಮಂಡಿಯಲ್ಲಿ ಸತ್ಯ, ಮನೆಯಲ್ಲಿ ಅಜ್ಜಿಯ ತಲೆಗೆ!

ಮದುವೆ ಮನೆಯ ಹಿತ್ತಲಲ್ಲಿ ಎಲ್ಲರ ಮುಂದೆ ಅದನ್ನು ಜೋರಾಗಿ ಓದಿದೆ.

"ಪೇಪರ್‌ನೋರು ಏನ್ ಬೇಕಾದ್ರೂ ಬರೀತಾರೆ ಬುಡ್ಲಾ" ಎಂದರು ದೊಡ್ಡಪ್ಪ.

"ಬರ್ದಿದ್ದು ಅವ್ರು. ಹೇಳಿದ್ದು ನಿಮ್ಮಪ್ಪ."

ಈರುಳ್ಳಿ ಬಿಡಿಸುತ್ತಿದ್ದ ಮುದುಕಿ, ದೊಡ್ಡತಾತನ ತಂಗಿ, ತಲೆ ಎತ್ತಿದಳು. "ನಮ್ಮಣ್ಣ ಬೀಡಿ ಇಲ್ದೆ ಅಟ್ಟ ಹತ್ತಿದ್ದು ನಾನಂತೂ ಕಾಣೆ ಕಣಪ್ಪ."

ಈ ಸಲ ನಗು ದೊಡ್ಡಪ್ಪನ ಮೇಲೆ ಬಿತ್ತು. ಅಮ್ಮ ಈಳಿಗೆಮಣೆ ಬಿಟ್ಟು ಎದ್ದಳು, ಕೈ ತೊಳೆದಳು.

"ಬೆಂಕಿಪೊಟ್ಣ ಕೊಡಿ ಭಾವ."

ಬೀಡಿ ಕಟ್ಟಿನ ಜೊತೆ ಅಂಗಿ ಜೇಬಲ್ಲಿದ್ದ ಬೆಂಕಿಪೊಟ್ಟಣವನ್ನು ದೊಡ್ಡಪ್ಪ ತೆಗೆದು ಕೊಡಲೇಬೇಕಾಯಿತು. ಮೊದಲ ಕಡ್ಡಿ ಆರಿತು. ಎರಡನೆಯದಕ್ಕೆ ಒಣಗರಿ ಭಗ್ಗೆಂದಿತು. ನಾನು ಒಲೆ ನೋಡಲಿಲ್ಲ, ದೊಡ್ಡಪ್ಪನ ಮುಖವನ್ನೇ ನೋಡುತ್ತಿದ್ದೆ. ಅಷ್ಟೂ ಸಾಲದೆಂದು, ಅವರು ನೋಡುತ್ತಿರುವಾಗಲೇ, ಆ ಪುಟವನ್ನು ನೆಂಟರ ವಾಟ್ಸಾಪ್ ಗುಂಪಿಗೂ ಹಾಕಿದೆ.