ಬೆದ್ರದ ಬಸ್ಸು, ಕ್ಯಾಲೆಂಡರಿನ ಕಾಲು

ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ ಒಬ್ಬ ಕಂಡಕ್ಟರು ನನ್ನ ಕಣ್ಣೆದುರಿಗೇ ‘ಬೀದರ, ಬೀದರ, ಬೀದರ’ ಎಂದು ಕೂಗಿದ. ಮಳೆ ಹನಿಯುತ್ತಿತ್ತು. ಬಸ್ಸು ನೋಡಿದರೆ ಸಣ್ಣದು, ಮುಂದಿನ ಗಾಜಿಗೆ ಮಲ್ಲಿಗೆ ಹಾರ. ಇಷ್ಟು ಸಣ್ಣ ಬಸ್ಸು ಘಟ್ಟ ಹತ್ತಿ, ಅಷ್ಟು ದೂರ ಹೋಗಿ ಬೀದರ ಮುಟ್ಟುತ್ತದೆಯೇ ಎಂದು ಕೇಳುವಷ್ಟು ಬುದ್ಧಿ ಆಗ ಇರಲಿಲ್ಲ. ನಮ್ಮೂರು ಕಮಲಾಪುರದ ಹತ್ತಿರ, ಕಲಬುರಗಿಯಿಂದ ಬೀದರಕ್ಕೆ ಹೋಗುವ ದಾರಿಯಲ್ಲಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬೀದರದ ಬಸ್ಸೆಂದರೆ ನಮ್ಮ ಮನೆ ಮುಂದಿನ ಬಸ್ಸು. ನನ್ನ ಕಾಲು ನನ್ನ ಮಾತು ಕೇಳದೆ ಮೆಟ್ಟಿಲ ಕಡೆ ಹೋಯಿತು. ಕೈಚೀಲದಲ್ಲಿದ್ದ ಇನ್ನೊಂದು ಕಾಲು ತಡೆಯಿತು.

ಗಾಬರಿಯಾಗಬೇಡಿ. ಚೀಲದಲ್ಲಿದ್ದದ್ದು ನನ್ನ ಮೊಮ್ಮಗಳು ಗಿರಿಜಾಳ ಕಾಲು. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯ ಮೇಲೆ ಗೆರೆ ಎಳೆದು ಕತ್ತರಿಸಿಕೊಂಡದ್ದು.

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ನನ್ನ ಗಿರಿಜಾ ಟೀಚರ್ ಆಗಿದ್ದಾಳೆ! ನಾನು ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟವಳು. ನನ್ನ ಮಡಿಲಲ್ಲಿ ಕೂತು ಸ್ಲೇಟು ನೆಕ್ಕುತ್ತಿದ್ದ ಕೂಸು ಈಗ ಈ ಸಮುದ್ರದ ಕಡೆಯ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಮೆಲ್ಕಾರಿನ ಹತ್ತಿರ ಒಂದು ಸಾಲೆ. ಮಗ ಸೊಸೆಗೆ ತೊಗರಿ ಹೊಲ ಬಿಟ್ಟು ಬರಲಾಗದು. ಹರೆಯದ ಹುಡುಗಿ ಒಬ್ಬಳೇ ಬೇಡವೆಂದು ನನ್ನನ್ನು ಜೊತೆಗೆ ಕಳಿಸಿದರು. ಅವಳು ಸೀರೆ ಉಟ್ಟು, ಕೈಯಲ್ಲಿ ಪುಸ್ತಕ ಹಿಡಿದು ಹೊರಟಾಗ ಇಲ್ಲಿಯ ಮಕ್ಕಳು ‘ನಮಸ್ತೇ ಟೀಚರ್’ ಎನ್ನುತ್ತವೆ. ನಾನು ಕಿಟಕಿಯೊಳಗೆ ನಿಂತು ಆ ನಮಸ್ತೆಯಲ್ಲಿ ಅರ್ಧ ನನಗೂ ತೆಗೆದುಕೊಳ್ಳುತ್ತೇನೆ.

ಅವಳು ಹೋದ ಮೇಲೆ ದಿನ ಬಹಳ ಉದ್ದ. ನಮ್ಮಲ್ಲಿ ಮನೆಗೆ ಮನೆ ಅಂಟಿರುತ್ತದೆ; ಬಾಗಿಲಲ್ಲಿ ಕೂತರೆ ಊರೇ ಮಾತಾಡಿಸಿಕೊಂಡು ಹೋಗುತ್ತದೆ. ಇಲ್ಲಿ ಮನೆಗೊಂದು ಕಂಪೌಂಡು, ಕಂಪೌಂಡಿಗೊಂದು ಗೇಟು, ಗೇಟಿಗೊಂದು ನಾಯಿ. ನಮ್ಮಲ್ಲಿ ಬಸ್ಸು ದೂರದಿಂದಲೇ ಧೂಳಾಗಿ ಕಾಣಿಸುತ್ತದೆ. ಇಲ್ಲಿ ತಿರುವಿನಿಂದ ಒಮ್ಮೆಲೇ ಮೈಮೇಲೆ ಬರುತ್ತದೆ. ಆಕಾಶ ಕೂಡ ತೆಂಗಿನ ಗರಿಗಳ ನಡುವೆ ಚೂರುಚೂರು. ಜನ ಒಳ್ಳೆಯವರು, ಆದರೆ ಮಾತು ತುಳು. ನನ್ನೊಡನೆ ಕನ್ನಡ ಮಾತಾಡುವಾಗ ಪುಸ್ತಕ ಓದಿದಂತೆ ನಿಧಾನವಾಗಿ ಮಾತಾಡುತ್ತಾರೆ. ನಾನು ಬಾಯಿ ತೆರೆದರೆ ‘ಘಟ್ಟದವರಾ?’ ಎನ್ನುತ್ತಾರೆ. ಘಟ್ಟದ ಮೇಲಿನಿಂದ ಬಂದವರು ಎಂದು ಅರ್ಥ.

ಒಮ್ಮೆ ನಾನು ರೊಟ್ಟಿ ಬಡಿಯುವಾಗ ಮಾಳಿಗೆಯ ಮನೆಯಾಕೆ ಇಳಿದು ಬಂದರು.

“ಎಂತ ಅಮ್ಮ, ಒಳಗೇ ಬಟ್ಟೆ ಒಗೀತಾ ಇದ್ದೀರಾ? ಪಟಪಟ ಶಬ್ದ ಆಗ್ತಾ ಉಂಟು.”

ರೊಟ್ಟಿ ತೋರಿಸಿದೆ. ಒಂದು ಕೊಟ್ಟೆ. ಸಂಜೆಗೆ ಅವರು ಕುಚಲಕ್ಕಿಯ, ಅಂದರೆ ಇಲ್ಲಿಯ ಕೆಂಪು ದಪ್ಪ ಅಕ್ಕಿಯ, ಗಂಜಿ ಕಳಿಸಿದರು. ಗಂಜಿ ನನ್ನ ಗಂಟಲಲ್ಲಿ ನಿಂತಿತು. ನನ್ನ ರೊಟ್ಟಿ ಅವರ ಹಲ್ಲಲ್ಲಿ ನಿಂತಿತಂತೆ. ಆದರೂ ಆ ದಿನ ಒಬ್ಬರು ಬಂದಿದ್ದರಲ್ಲ, ಅದೇ ಹಬ್ಬ.

ಗಿರಿಜಾಳಿಗೆ ಹಿಮ್ಮಡಿ ನೋವು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಡುವಾಗ ಗೋಡೆ ಹಿಡಿಯುತ್ತಾಳೆ. ಸಾಲೆಯಲ್ಲಿ ದಿನವಿಡೀ ನಿಲ್ಲಬೇಕು, ಕಾಲಿಗೆ ಮುಚ್ಚಿದ ಕಪ್ಪು ಶೂ ಇರಬೇಕು. ಬಂಟ್ವಾಳದಲ್ಲಿ ಕೊಂಡ ಮೊದಲ ಜೋಡಿ ಚಂದವೋ ಚಂದ, ಮುಂದುಗಡೆ ಹದ್ದಿನ ಕೊಕ್ಕಿನ ಹಾಗೆ ಚೂಪು. ಒಂದು ವಾರದಲ್ಲಿ ಬೆರಳುಗಳು ಒಂದರ ಮೇಲೊಂದು ಹತ್ತಿದವು. ಧರ್ಮಸ್ಥಳಕ್ಕೆ ಹೋಗಿ ಬರುವಾಗ ಬೆಳ್ತಂಗಡಿಯಲ್ಲಿ ಇಳಿದು ಇನ್ನೊಂದು ಜೋಡಿ ಕೊಂಡೆವು. ಮೆತ್ತಗೆ, ಬೆಳ್ಳಗೆ, ಓಡುವವರು ಹಾಕುವಂಥದ್ದು. ಅದನ್ನು ನೋಡಿ ಸಾಲೆಯ ದೊಡ್ಡ ಮೇಡಂ, “ಇವತ್ತು ಆಟದ ಪೀರಿಯಡ್ಡಾ ಟೀಚರ್?” ಎಂದರಂತೆ. ಮಕ್ಕಳೆಲ್ಲ ನಕ್ಕರಂತೆ. ಕೂತು ಪಾಠ ಮಾಡಿದರೆ ಅದೂ ತಪ್ಪು. “ನೀವು ಕೂತರೆ ಹಿಂದಿನ ಬೆಂಚಿನವರು ಮಲಗ್ತಾರೆ. ದಸರಾ ರಜೆಯವರೆಗೆ ನೋಡುವ, ಆಗದಿದ್ರೆ ಬೇರೆ ಟೀಚರನ್ನು ಹುಡುಕ್ಬೇಕಾಗ್ತದೆ,” ಎಂದುಬಿಟ್ಟರು.

ಆ ಸಂಜೆ ಗಿರಿಜಾ ಬಿಸಿನೀರಿನಲ್ಲಿ ಕಾಲಿಟ್ಟು ಕೂತು, “ಆಯಿ, ಊರಿಗಿ ಹೋಗೋಣು ನಡಿ. ನಂಗ ನಿಂದ್ರಲಾಕ ಆಗವಲ್ದು,” ಎಂದಳು.

ನನ್ನೆದೆ ಹಾರಿತು. ಸುಳ್ಳು ಹೇಳುವುದಿಲ್ಲ, ಸಂತೋಷಕ್ಕೇ ಹಾರಿತು. ಊರು! ನಮ್ಮ ಕಟ್ಟೆ, ನಮ್ಮ ಪುಂಡಿಪಲ್ಯ, ‘ಶಾಂತಾಬಾಯಿ’ ಎಂದು ಹೆಸರು ಹಿಡಿದು ಕರೆಯುವ ಬಾಯಿಗಳು. ಆಮೇಲೆ ಅವಳ ಮುಖ ನೋಡಿದೆ. ಅವಳು ಅಳುತ್ತಿರಲಿಲ್ಲ. ತಿದ್ದಬೇಕಾದ ಮಕ್ಕಳ ನೋಟ್ ಪಟ್ಟಿಗಳನ್ನು ನೀರು ತಾಗದಂತೆ ತೊಡೆಯ ಮೇಲೆ ಎತ್ತಿ ಹಿಡಿದುಕೊಂಡಿದ್ದಳು.

“ಕಾಲು ಒರಸ್ಕೋ. ಈ ಹಾಳಿ ಮ್ಯಾಲೆ ಇಡು,” ಎಂದೆ.

ನಮ್ಮಲ್ಲಿ ಚಪ್ಪಲಿ, ಕಾಲ್ಮರಿ ಮಾಡಿಸುವವರು ಅಳತೆ ಕೊಡುವುದು ಸಂಜೆಗೇ ಅಲ್ಲವೇ? ದಿನವೆಲ್ಲ ದುಡಿದು ಕಾಲು ಉಬ್ಬಿರಬೇಕು. ಬೆಳಗಿನ ಅಳತೆಯ ಮೆಟ್ಟು ಸಂಜೆಗೆ ಕಚ್ಚುತ್ತದೆ. ಹಾಗೆಯೇ ಅಳತೆ ತೆಗೆದೆ. ಮೂಡಬಿದಿರೆಯಲ್ಲಿ ಒಂದು ಅಂಗಡಿ ಇದೆ, ನೋವಿನ ಕಾಲಿಗೆ ಚಂದದ ಶೂ ಸಿಗುತ್ತದೆ ಎಂದು ಅವಳ ಜೊತೆಯ ಟೀಚರೊಬ್ಬರು ಹೇಳಿದ್ದರು. ಮರುದಿನ ಅವಳು ಸಾಲೆಗೆ ಹೋದ ಮೇಲೆ, ಈ ಸೀಮೆಯಲ್ಲಿ ಮೊದಲ ಸಲ ಒಬ್ಬಳೇ ಹೊರಟೆ.

ಹಾಗೆ ಬಂದು ಬಿ.ಸಿ. ರೋಡಿನಲ್ಲಿ ನಿಂತವಳಿಗೆ ಬೀದರದ ಬಸ್ಸು ಕಂಡಿತು. ಹತ್ತಲಿಲ್ಲ. ಬಸ್ಸಿನ ಮೈಮೇಲೆ ಒಂದು ಸಲ ಕೈಯಿಟ್ಟು ಬಿಟ್ಟುಬಿಟ್ಟೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬೀದರ ಬಂತು. ಅದನ್ನೂ ಬಿಟ್ಟೆ. ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಒಬ್ಬಾಕೆಗೆ ತಡೆಯಲಾಗಲಿಲ್ಲ.

“ಎಂತ ಅಮ್ಮ, ಬಂದ ಬಸ್ಸಿಗೆಲ್ಲ ಕೈಮುಗಿದು ಕಳಿಸ್ತಾ ಇದ್ದೀರಿ? ಎಲ್ಲಿಗೆ ಹೋಗ್ಲಿಕ್ಕುಂಟು?”

“ಮೂಡಬಿದ್ರಿಗಿ.”

“ಅಯ್ಯೋ ದೇವರೇ! ಈಗ ಹೋದದ್ದು ಮತ್ತೆಂತದು?”

“ಅದು ಬೀದರಕ್ಕ ಹೋಗೂದಲ್ಲೇನು?”

ಆಕೆ ಬುಟ್ಟಿ ಕೆಳಗಿಟ್ಟು ನಕ್ಕರು. “ಬೀದರ ಅಲ್ಲ ಮಾರಾಯ್ರೆ, ಬೆದ್ರ! ಬೆದ್ರ! ತುಳುವಿನಲ್ಲಿ ಮೂಡಬಿದ್ರೆಗೆ ಬೆದ್ರ ಅಂತ ಹೇಳುದು.”

ನಾನೂ ನಕ್ಕೆ. ನಗುವಾಗ ಕಣ್ಣು ಏಕೆ ತುಂಬಿತೋ. ಈ ದಾರಿಯಲ್ಲಿ ಊರಿಗೆ ಹೋಗುವ ಬಸ್ಸೇ ಇರಲಿಲ್ಲ. ಇಲ್ಲದ ಬಸ್ಸನ್ನು ನಾನು ಎರಡು ಸಲ ಬಿಟ್ಟಿದ್ದೆ.

ಆಕೆಯ ಹೆಸರು ಲಲಿತಕ್ಕ. ಬೀಡಿ ಕಟ್ಟುವವರು, ತಂಗಿಯ ಮನೆಗೆ ಮೂಡಬಿದಿರೆಗೇ ಹೊರಟಿದ್ದರು. ಬಸ್ಸಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡರು. ಚೀಲದಿಂದ ಇಣುಕುತ್ತಿದ್ದ ಹಾಳೆಯ ಬೆರಳುಗಳನ್ನು ನೋಡಿ, “ಇದು ಯಾರ ಪಾದ? ಪೂಜೆಗಾ?” ಎಂದರು. ಮೊಮ್ಮಗಳದು ಎಂದೆ. ಆಕೆಯ ಮುಖ ಸಣ್ಣದಾಯಿತು.

“ಪಾಪ. ಕಾರ್ ಬೇನೆಯಾ?”

“ಕಾರ್ ಎಲ್ಲಿಂದ ತರ್ಲಿ ಯವ್ವಾ? ಬಸ್ಸಿಗೇ ಅಡ್ಡಾಡತೀವಿ.”

ಮುಂದಿನ ಸೀಟಿನವರೂ ತಿರುಗಿ ನಕ್ಕರು. ಲಲಿತಕ್ಕ ತಮ್ಮ ಕಾಲನ್ನೇ ಬಡಿದು ತೋರಿಸಿದರು. “ಕಾರ್ ಅಂದ್ರೆ ಇದು, ಕಾಲು. ಬೇನೆ ಅಂದ್ರೆ...”

“ಬ್ಯಾನಿ!” ಎಂದೆ. “ನಮಗೂ ಬ್ಯಾನಿನೇ ಯವ್ವಾ!”

ಇಷ್ಟು ತಿಂಗಳಲ್ಲಿ ಇವರ ಬಾಯಿಯಿಂದ ನಮ್ಮೂರಿನ ಮಾತು ಕೇಳಿದ್ದು ಅದೊಂದೇ. ಅನ್ನ ಬೇರೆ, ಆಕಾಶ ಬೇರೆ, ನೋವಿಗೆ ಮಾತ್ರ ಇಬ್ಬರದೂ ಒಂದೇ ಹೆಸರು. ಲಲಿತಕ್ಕ ತಮ್ಮ ಸೊಂಟದ ಬೇನೆ ಹೇಳಿದರು, ನಾನು ಮೊಣಕಾಲಿನ ಬ್ಯಾನಿ ಹೇಳಿದೆ. ದಾರಿ ಸಾಲಲಿಲ್ಲ. ಇಳಿದ ಮೇಲೂ ಅವರು ಅಂಗಡಿಯವರೆಗೆ ಜೊತೆಗೇ ಬಂದರು.

ಅಂಗಡಿಯಲ್ಲಿ ಗಡಿಬಿಡಿಯಲ್ಲಿ “ಕಪ್ಪು ಕಾಲ್ಮರಿ ಕೊಡ್ರಿ” ಎಂದುಬಿಟ್ಟೆ. ಅಂಗಡಿಯವರು ಕನ್ನಡಕ ಮೇಲೆತ್ತಿದರು.

“ಕಪ್ಪು ಮರಿಯಾ? ನಾಯಿದಾ, ಬೆಕ್ಕಿಂದಾ? ಇಲ್ಲಿ ಚಪ್ಪಲ್, ಶೂ ಮಾತ್ರ ಅಮ್ಮ.”

ಲಲಿತಕ್ಕ ನಡುವೆ ಬಂದು ತುಳುವಿನಲ್ಲಿ ಎಲ್ಲ ಹೇಳಿದರು. ‘ಕಾರ್ ಬೇನೆ’ ಎಂಬುದಷ್ಟು ನನಗೆ ತಿಳಿಯಿತು. ಅಂಗಡಿಯವರು ತಂದ ಜೋಡಿಗಳಲ್ಲಿ ಹಾಳೆಯ ಕಾಲನ್ನು ಒಂದೊಂದಾಗಿ ಇಟ್ಟು ನೋಡಿದೆವು. ಬೆರಳು ಮಡಚಿದರೆ ಅದು ಬೇಡ. ಅಟ್ಟೆ ನಡುವಿನಲ್ಲಿ ಬಟ್ಟೆಯಂತೆ ಬಗ್ಗಿದರೆ ಅದೂ ಬೇಡ. ಕೊನೆಗೆ ಒಂದು ಸಿಕ್ಕಿತು. ಕಪ್ಪು, ಹೊರಗಿನಿಂದ ನೋಡಿದರೆ ಆಫೀಸಿನವರದೇ, ಮುಂದೆ ಅಗಲ, ಹಿಮ್ಮಡಿ ತುಸು ಎತ್ತರ. ಬೇಕಾದರೆ ಒಳಗಿನ ಮೆತ್ತೆಯನ್ನು ತೆಗೆದು ಡಾಕ್ಟರು ಕೊಡುವಂಥ ಮೆತ್ತೆ ಇಡಬಹುದು.

“ಈ ಹಾಳೆಗೆ ನೋವು ಗೊತ್ತಾಗುದಿಲ್ಲ ಅಮ್ಮ,” ಎಂದರು ಅಂಗಡಿಯವರು. “ಮನೆ ಒಳಗೇ ಹಾಕಿ ನಡೆದು ನೋಡ್ಲಿ. ಆಗದಿದ್ರೆ ತನ್ನಿ.”

ಗಿರಿಜಾ ಆ ಸಂಜೆ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆದಳು. ನಾನು ಅವಳ ಹುಬ್ಬನ್ನೇ ನೋಡುತ್ತಿದ್ದೆ. ಅದು ಗಂಟು ಕಟ್ಟಲಿಲ್ಲ. ನೋವು ಪೂರ್ತಿ ಹೋಗಿಲ್ಲ. ಬೆಳಿಗ್ಗೆ ಈಗಲೂ ಗೋಡೆ ಬೇಕು. ಆದರೆ ಕೊನೆಯ ಪೀರಿಯಡ್ಡಿನವರೆಗೆ ನಿಲ್ಲುತ್ತಾಳೆ. ದಸರಾ ರಜೆಗೆ ಮುಂಚೆ ದೊಡ್ಡ ಮೇಡಂ ಅವಳನ್ನು ಬದಿಗೆ ಕರೆದಾಗ ಕೆಲಸ ಹೋಯಿತೆಂದೇ ಅವಳು ತಿಳಿದಳಂತೆ. ಅವರು ಮೆಲ್ಲಗೆ, “ಆ ಶೂ ಎಲ್ಲಿಂದ ತಂದದ್ದು ಟೀಚರ್? ನನಗೂ ಒಂದು ಬೇಕಿತ್ತು,” ಎಂದರಂತೆ!

ಅದನ್ನು ಕೇಳಿ ನಾನು ಹೋಳಿಗೆ ಮಾಡಿದೆ, ಮಾಳಿಗೆಯವರಿಗೂ ಕೊಟ್ಟೆ. ಪಾತ್ರೆ ತೊಳೆಯುವಾಗ ತಿಳಿಯಿತು, ನಾವಿನ್ನು ಇಲ್ಲೇ ಎಂದು.

ಹೋದ ರವಿವಾರ ಗಿರಿಜಾಳ ಜೊತೆ ಬಿ.ಸಿ. ರೋಡಿನಲ್ಲಿ ನಿಂತಿದ್ದೆ. ಕಂಡಕ್ಟರು ಕೂಗಿದ. ಅದು ಬೆದ್ರವೆಂದು ಗೊತ್ತಿದ್ದರೂ ನನ್ನ ಕಿವಿ ಬೀದರವೆಂದೇ ಕೇಳುತ್ತದೆ, ಏನು ಮಾಡಲಿ? ಅಷ್ಟರಲ್ಲಿ ಕಂಕುಳಲ್ಲಿ ಕೂಸು, ತಲೆಯ ಮೇಲೆ ಗಂಟು ಹೊತ್ತ ಒಬ್ಬ ಹೆಣ್ಣುಮಗಳು ಬಸ್ಸಿನತ್ತ ಓಡಿಬಂದಳು. ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯವಳು. ಸೀರೆಯ ಸೆರಗು ಹೇಳುತ್ತಿತ್ತು.

“ಬೀದರದ ಬಸ್ಸೇನ್ರೀ ಆಯಿ?”

“ಅಲ್ಲವ್ವಾ. ಬೆದ್ರ ಅಂದ್ರ ಮೂಡಬಿದ್ರಿ. ನಾನೂ ಹಾಂಗೇ ತಿಳಕೊಂಡಿದ್ದೆ.”

ಅವಳ ಕಾಲು ಮೆಟ್ಟಿಲ ಹತ್ತಿರವೇ ನಿಂತಿತು. ಬಸ್ಸು ಹೋಗುವವರೆಗೆ ಅದನ್ನೇ ನೋಡಿ, ಆಮೇಲೆ ನನ್ನ ಕಡೆ ತಿರುಗಿದಳು.

“ನೀವು ಇಲ್ಲಿಯವರೇನ್ರೀ?”

“ನಾ ಇಲ್ಲೇ ಉಂಟವ್ವಾ,” ಎಂದಿತು ನನ್ನ ಬಾಯಿ.

ಗಿರಿಜಾ ಹೊಸ ಶೂ ಊರಿ ನಿಂತು ಜೋರಾಗಿ ನಕ್ಕಳು. “ಆಯಿ, ಹಾಂಗ ಇಲ್ಲಿಯವರೂ ಅನ್ನಂಗಿಲ್ಲ, ನಮ್ಮವರೂ ಅನ್ನಂಗಿಲ್ಲ.”

ಟೀಚರು ಹೇಳಿದ ಮೇಲೆ ತಪ್ಪೇ ಇರಬೇಕು. ಆದರೆ ಆ ಹೆಣ್ಣುಮಗಳು ನಗಲಿಲ್ಲ. ಗಂಟು ಕೆಳಗಿಳಿಸಿ, ನನ್ನ ಪಕ್ಕದಲ್ಲಿ ಬಂದು ನಿಂತಳು.